ಮೂಳೆಯ ಟೊಳ್ಳಿಗೆ ಸೆರಾಮಿಕ್: ಸ್ವಂತ ಮೂಳೆಗಿಂತ ಅದು ಕಡಿಮೆಯೇ?

ಪ್ರಶ್ನೆ: ಮೆಟ್ಟಿಲಿನಿಂದ ಬಿದ್ದು ನನ್ನ ಮೊಣಕಾಲಿನ ಕೆಳಗಿನ ದೊಡ್ಡ ಮೂಳೆಯ ಮೇಲ್ತುದಿ ಮುರಿದಿದೆ. ಕೀಲಿನ ಮೇಲ್ಮೈ ಕೆಳಕ್ಕೆ ಕುಸಿದಿದ್ದು, ಅದನ್ನು ಎತ್ತಿ ಪ್ಲೇಟು ಹಾಕಿ, ಒಳಗೆ ಉಳಿಯುವ ಟೊಳ್ಳಿಗೆ ಕೃತಕ ಸೆರಾಮಿಕ್ ಪದಾರ್ಥ ತುಂಬುವುದಾಗಿ ಶಸ್ತ್ರಚಿಕಿತ್ಸಕರು ಹೇಳಿದ್ದಾರೆ. ಸೊಂಟದಿಂದ ಸ್ವಂತ ಮೂಳೆ ತೆಗೆದು ಹಾಕಿಸಿಕೊಳ್ಳುವುದೇ ಶ್ರೇಷ್ಠ ಎಂದು ಬಲ್ಲವರೊಬ್ಬರ ಅಭಿಪ್ರಾಯ. ಈ ಪದಾರ್ಥ ನಿಜಕ್ಕೂ ಮೂಳೆಯಾಗುತ್ತದೆಯೇ? ದೇಹ ಅದನ್ನು ತಿರಸ್ಕರಿಸುವ ಭಯವಿದೆಯೇ? ಮುಂದೆ ಅದನ್ನು ತೆಗೆಸಬೇಕಾಗುತ್ತದೆಯೇ?

ಉತ್ತರ: ನಿಮಗೆ ಹಿತ ಹೇಳಿದವರ ಮಾತು ಸುಳ್ಳಲ್ಲ, ಆದರೆ ಅದು ನಿಮ್ಮದಕ್ಕಿಂತ ಬೇರೆ ಬಗೆಯ ಮುರಿತಕ್ಕೆ ಹೆಚ್ಚು ಸಲ್ಲುತ್ತದೆ. ಮೂಳೆಯ ಬದಲಿಗೆ ಬಳಸುವ ಪದಾರ್ಥಗಳನ್ನೆಲ್ಲ ಇಂದಿಗೂ ಸ್ವಂತ ಮೂಳೆಯ ಕಸಿಗೆ ಹೋಲಿಸಿಯೇ ಅಳೆಯುತ್ತಾರೆ ಎಂಬುದನ್ನು ಯಾವ ಶಸ್ತ್ರಚಿಕಿತ್ಸಕರೂ ಅಲ್ಲಗಳೆಯುವುದಿಲ್ಲ. ಆದರೂ ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಸೊಂಟವನ್ನು ಕೊಯ್ಯಿಸಿಕೊಳ್ಳದೆ ಸೆರಾಮಿಕ್ಕನ್ನೇ ಒಪ್ಪಿಕೊಳ್ಳುತ್ತಿದ್ದೆ. ಯಾವ ಪದಾರ್ಥ ಶ್ರೇಷ್ಠ ಎಂದು ಕೇಳುವ ಮೊದಲು, ತುಂಬಬೇಕಾದ ಟೊಳ್ಳಿನಲ್ಲಿ ಈಗಾಗಲೇ ಏನಿದೆ, ಏನಿಲ್ಲ ಎಂದು ಕೇಳಿಕೊಳ್ಳಬೇಕು.

ಟಿಬಿಯಾ ಎಂದು ಕರೆಯುವ ಆ ಮೂಳೆಯ ಮೇಲ್ತುದಿಯಲ್ಲಿ ಹೊರಗೆ ತೆಳುವಾದ ಗಟ್ಟಿ ಪದರವೂ ಒಳಗೆ ಸ್ಪಂಜಿನಂಥ ಮೂಳೆಯೂ ಇರುತ್ತವೆ. ಬಿದ್ದ ರಭಸಕ್ಕೆ ತೊಡೆಮೂಳೆಯ ಉಬ್ಬಿದ ತುದಿ ಸುತ್ತಿಗೆಯಂತೆ ಕೀಲಿನ ಮೇಲ್ಮೈಯ ಮೇಲೆ ಅಪ್ಪಳಿಸಿದಾಗ, ಕೆಳಗಿನ ಸ್ಪಂಜು ಜಜ್ಜಿಹೋಗಿ ಮೇಲ್ಮೈಯ ಒಂದು ತುಂಡು ಒಳಕ್ಕೆ ಇಳಿದುಬಿಡುತ್ತದೆ. ಶಸ್ತ್ರಚಿಕಿತ್ಸಕರು ಆ ತುಂಡನ್ನು ಕೆಳಗಿನಿಂದ ತಳ್ಳಿ ಮೊದಲಿನ ಮಟ್ಟಕ್ಕೆ ತಂದರೂ ಜಜ್ಜಿದ ಸ್ಪಂಜು ಮತ್ತೆ ಹಿಗ್ಗಿ ತನ್ನ ಜಾಗವನ್ನು ತುಂಬುವುದಿಲ್ಲವಾದ್ದರಿಂದ, ಎತ್ತಿದ ಮೇಲ್ಮೈಯ ಕೆಳಗೆ ಒಂದು ಪೊಳ್ಳು ಉಳಿಯುತ್ತದೆ. ಅದನ್ನು ಹಾಗೆಯೇ ಬಿಟ್ಟರೆ ಮೇಲ್ಮೈ ಮತ್ತೆ ಇಳಿಯುವ ಅಪಾಯವಿದೆ, ಇಳಿದರೆ ಕೀಲು ಬೇಗ ಸವೆಯುತ್ತದೆ. ಈ ಪೊಳ್ಳಿನ ಸುತ್ತಲೂ ಇರುವುದು ಮಾತ್ರ ಮಜ್ಜೆ, ರಕ್ತ ಮತ್ತು ಮೂಳೆ ಕಟ್ಟುವ ಕೋಶಗಳಿಂದ ತುಂಬಿದ, ಜೀವಂತವಾದ ಮೂಳೆ. ಇಲ್ಲಿ ಕೊರತೆಯಿರುವುದು ಜೀವದ್ದಲ್ಲ, ಆಧಾರದ್ದು.

ಮೂಳೆ ಕಸಿಯಿಂದ ವೈದ್ಯರು ಮೂರು ಕೆಲಸಗಳನ್ನು ನಿರೀಕ್ಷಿಸುತ್ತಾರೆ. ಮೂಳೆ ಕಟ್ಟಬಲ್ಲ ಜೀವಂತ ಕೋಶಗಳನ್ನು ತಂದುಕೊಡುವುದು ಒಂದು. ಇನ್ನೂ ಏನೂ ಆಗಿರದ ಎಳೆಯ ಕೋಶಗಳಿಗೆ ಮೂಳೆಕೋಶವಾಗುವಂತೆ ರಾಸಾಯನಿಕ ಸೂಚನೆ ಕೊಡುವುದು ಇನ್ನೊಂದು. ಮೂಳೆಯೊಳಗೆ ಅಂಥ ಸೂಚನೆ ಅಡಗಿದೆ ಎಂಬುದನ್ನು ಅಮೆರಿಕದ ಮೂಳೆ ಶಸ್ತ್ರಚಿಕಿತ್ಸಕ ಮಾರ್ಷಲ್ ಯೂರಿಸ್ಟ್ 1965ರಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗದಿಂದ ತೋರಿಸಿದ ಮೇಲೆ ಈ ಕ್ಷೇತ್ರದ ದಿಕ್ಕೇ ಬದಲಾಯಿತು. ಬಳ್ಳಿ ಹಬ್ಬಲು ಹಂದರವಾಗುವಂತೆ ಹೊಸ ಮೂಳೆ ಹಬ್ಬಲು ಆಸರೆಯಾಗುವುದು ಮೂರನೆಯದು. ಸ್ವಂತ ಮೂಳೆ ಈ ಮೂರನ್ನೂ ಮಾಡುತ್ತದೆ. ಸೆರಾಮಿಕ್ ಮುಖ್ಯವಾಗಿ ಮೂರನೆಯದನ್ನು ಮಾತ್ರ ಮಾಡುತ್ತದೆ. ಇದನ್ನು ಮುಚ್ಚಿಟ್ಟು, ಸೆರಾಮಿಕ್ ತಾನೇ ಮೂಳೆಯನ್ನು ಹುಟ್ಟಿಸುತ್ತದೆ ಎಂಬಂತೆ ಮಾತನಾಡುವ ಮಾರಾಟದ ಭಾಷೆ ನನಗೆ ಎಂದೂ ಹಿಡಿಸಿಲ್ಲ. ಬಳ್ಳಿಯ ಬೇರೇ ಒಣಗಿರುವ ಕಡೆ ಎಷ್ಟು ಒಳ್ಳೆಯ ಹಂದರ ಹಾಕಿದರೂ ಅದು ಬರಿದಾಗಿಯೇ ನಿಲ್ಲುತ್ತದೆ. ಬೇರು ಚೆನ್ನಾಗಿರುವ ಕಡೆ ಹಂದರವಷ್ಟೇ ಸಾಕಾಗುತ್ತದೆ. ನಿಮ್ಮ ಮುರಿತ ಎರಡನೆಯ ಬಗೆಯದು.

ಹಾಗಾದರೆ ಸೊಂಟದ ಮೂಳೆ ಇನ್ನೂ ಒಳ್ಳೆಯದಲ್ಲವೇ ಎಂದು ನೀವು ಕೇಳಬಹುದು. ಅದಕ್ಕೆ ತೆರಬೇಕಾದ ಬೆಲೆಯನ್ನು ರೋಗಿಗಳಿಗೆ ಸಾಮಾನ್ಯವಾಗಿ ಯಾರೂ ಬಿಡಿಸಿ ಹೇಳುವುದಿಲ್ಲ. ಒಂದು ಗಾಯದ ಜೊತೆಗೆ ಇನ್ನೊಂದು ಗಾಯ, ಹೆಚ್ಚಿನ ರಕ್ತಸ್ರಾವ, ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುವ ನೋವು, ತೊಡೆಯ ಹೊರಬದಿಗೆ ಹೋಗುವ ಚರ್ಮದ ನರಕ್ಕೆ ಪೆಟ್ಟಾದರೆ ಅಲ್ಲಿ ಜೋಮು, ಜೊತೆಗೆ ಎರಡನೆಯ ಗಾಯಕ್ಕೆ ತನ್ನದೇ ಆದ ಸೋಂಕಿನ ಸಾಧ್ಯತೆ. ಮುರಿದ ಮೊಣಕಾಲಿಗಿಂತ ಸೊಂಟವೇ ಹೆಚ್ಚು ಕಾಡಿತೆಂದು ಹೇಳಿದ ರೋಗಿಗಳನ್ನು ನಾನು ಕಂಡಿದ್ದೇನೆ. ಸಿಗುವ ಮೂಳೆಯ ಪ್ರಮಾಣಕ್ಕೂ ಮಿತಿಯಿದೆ, ವಯಸ್ಸಾದವರಲ್ಲಿ ಅದರ ಗುಣವೂ ತಗ್ಗಿರುತ್ತದೆ. ಇನ್ನೊಬ್ಬರಿಂದ ಪಡೆದ, ಸಂಸ್ಕರಿಸಿದ ಮೂಳೆಯನ್ನು ಬಳಸುವ ದಾರಿಯೂ ಇದೆ. ಅದರಲ್ಲಿ ಎರಡನೆಯ ಗಾಯವಿಲ್ಲ, ಆದರೆ ಸಂಸ್ಕರಣೆಯಲ್ಲಿ ಕೋಶಗಳು ಸತ್ತಿರುತ್ತವೆ, ಸೋಂಕು ದಾಟುವ ಅತಿ ಸಣ್ಣ ಸಾಧ್ಯತೆಯೂ ಉಳಿದಿರುತ್ತದೆ.

ಸೆರಾಮಿಕ್ ಎಂಬ ಪದವೇ ಒಂದಷ್ಟು ಗೊಂದಲ ಹುಟ್ಟಿಸುತ್ತದೆ. ಸೊಂಟದ ಕೀಲು ಬದಲಾಯಿಸುವಾಗ ಹಾಕುವ ಅಲ್ಯುಮಿನಾದ ನುಣುಪು ಗುಂಡೂ ಸೆರಾಮಿಕ್ಕೇ, ಆದರೆ ಅದು ದೇಹದೊಡನೆ ಯಾವ ವ್ಯವಹಾರವನ್ನೂ ಇಟ್ಟುಕೊಳ್ಳದೆ ದಶಕಗಳ ಕಾಲ ಸವೆಯದೆ ಇರಲೆಂದು ಮಾಡಿದ್ದು. ನಿಮಗೆ ಹಾಕುವುದು ಅದಕ್ಕೆ ತದ್ವಿರುದ್ಧ ಸ್ವಭಾವದ್ದು: ಮೂಳೆಗೆ ನೇರವಾಗಿ ಅಂಟಿಕೊಂಡು, ನಿಧಾನವಾಗಿ ಕರಗುತ್ತ ತನ್ನ ಜಾಗವನ್ನು ಮೂಳೆಗೆ ಬಿಟ್ಟುಕೊಡುವುದೇ ಅದರ ಉದ್ದೇಶ. ಹಾಗೆಯೇ, ಕೃತಕ ಕೀಲನ್ನು ಕೂರಿಸಲು ಬಳಸುವ, ಬೋನ್ ಸಿಮೆಂಟ್ ಎಂದೇ ಹೆಸರಾದ ಅಕ್ರಿಲಿಕ್ ಪದಾರ್ಥಕ್ಕೂ ಇದಕ್ಕೂ ಸಂಬಂಧವಿಲ್ಲ. ಅದು ಗಟ್ಟಿಯಾಗುವಾಗ ಬಿಸಿಯೇರುತ್ತದೆ, ಎಂದಿಗೂ ಮೂಳೆಯಾಗುವುದಿಲ್ಲ.

ಮೂಳೆಯ ತೂಕದಲ್ಲಿ ಸುಮಾರು ಮೂರನೇ ಎರಡು ಭಾಗ ಖನಿಜ. ಆ ಖನಿಜ ಹೈಡ್ರಾಕ್ಸಿಅಪಟೈಟ್ ಎಂಬ ಕ್ಯಾಲ್ಸಿಯಂ ಫಾಸ್ಫೇಟಿನ ಒಂದು ರೂಪ, ಸ್ವಲ್ಪ ಕಾರ್ಬೋನೇಟ್ ಬೆರೆತಿದ್ದು. ಮೂಳೆಯ ಪೊಳ್ಳಿಗೆ ಇದೇ ಜಾತಿಯ ಪದಾರ್ಥವನ್ನು ತುಂಬಬಾರದೇಕೆ ಎಂಬ ಆಲೋಚನೆ ಹೊಸತೇನಲ್ಲ. 1892ರಲ್ಲೇ ಡ್ರೀಸ್‌ಮನ್ ಎಂಬ ಜರ್ಮನ್ ವೈದ್ಯರು ಮೂಳೆಯ ಕುಳಿಗಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ತುಂಬಿದ್ದನ್ನು ವರದಿ ಮಾಡಿದ್ದರು. 1920ರಲ್ಲಿ ಅಮೆರಿಕದ ಫ್ರೆಡ್ ಆಲ್ಬಿ ಕ್ಯಾಲ್ಸಿಯಂ ಫಾಸ್ಫೇಟನ್ನು ಪ್ರಯೋಗಿಸಿ ನೋಡಿದರು. 1969ರಲ್ಲಿ ಅಮೆರಿಕದ ವಸ್ತುವಿಜ್ಞಾನಿ ಲ್ಯಾರಿ ಹೆಂಚ್ ಮೂಳೆಗೆ ಬಿಡಿಸಲಾಗದಂತೆ ಅಂಟುವ ಗಾಜೊಂದನ್ನು ರೂಪಿಸಿದರು. ಗಾಜು ಮೂಳೆಗೆ ಅಂಟುತ್ತದೆ ಎಂದರೆ ವಿಚಿತ್ರವೆನಿಸಬಹುದು. ದೇಹದ್ರವ ತಗಲಿದೊಡನೆ ಆ ಗಾಜಿನ ಮೇಲೆ ಅಪಟೈಟಿನ ಒಂದು ತೆಳು ಪದರ ಬೆಳೆಯುತ್ತದೆ, ಮೂಳೆ ಅದನ್ನು ತನ್ನದೇ ಎಂದು ಭಾವಿಸಿ ಹಿಡಿದುಕೊಳ್ಳುತ್ತದೆ.

ಇಂದು ಬಳಕೆಯಲ್ಲಿರುವ ಪದಾರ್ಥಗಳಲ್ಲಿ ಮುಖ್ಯ ವ್ಯತ್ಯಾಸ ಕರಗುವ ವೇಗದ್ದು. ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಶುದ್ಧ ರೂಪವಾದ ಕ್ಯಾಲ್ಸಿಯಂ ಸಲ್ಫೇಟ್ 6ರಿಂದ 12 ವಾರಗಳಲ್ಲಿ ಕರಗಿಹೋಗುತ್ತದೆ. ಇದು ಎಷ್ಟೋ ಸಲ ಹೊಸ ಮೂಳೆ ಬೆಳೆಯುವ ವೇಗಕ್ಕಿಂತ ಹೆಚ್ಚು. ಹಂದರ ಬಳ್ಳಿಗಿಂತ ಮೊದಲೇ ಮಾಯವಾದಂತೆ. ಹೈಡ್ರಾಕ್ಸಿಅಪಟೈಟ್ ಇನ್ನೊಂದು ತುದಿ: ಚೆನ್ನಾಗಿ ಸುಟ್ಟು ಗಟ್ಟಿ ಮಾಡಿದ್ದಾದರೆ ಹಲವು ವರ್ಷಗಳ ನಂತರವೂ ಎಕ್ಸ್-ರೇಯಲ್ಲಿ ಬೆಳ್ಳಗೆ ಕಾಣುತ್ತಲೇ ಇರುತ್ತದೆ. ಇವೆರಡರ ನಡುವೆ ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಇದೆ. ಹೈಡ್ರಾಕ್ಸಿಅಪಟೈಟಿನಲ್ಲಿ ಕ್ಯಾಲ್ಸಿಯಂ ಮತ್ತು ರಂಜಕದ ಪರಮಾಣುಗಳ ಅನುಪಾತ 1.67, ಇದರಲ್ಲಿ 1.5. ಕಾಗದದ ಮೇಲೆ ಅಲ್ಪವೆನಿಸುವ ಈ ಅಂತರದ ಹಿಂದೆ ಬೇರೆಯದೇ ಸ್ಫಟಿಕ ರಚನೆಯಿದೆ. ಅದರಿಂದಾಗಿ ಇದು ಸುಮಾರು 6ರಿಂದ 24 ತಿಂಗಳುಗಳಲ್ಲಿ ಕರಗುತ್ತದೆ, ಮೂಳೆಯ ನಡಿಗೆಗೆ ಹೆಚ್ಚು ಹೊಂದಿಕೊಳ್ಳುತ್ತದೆ. ಎರಡನ್ನೂ ಬೆರೆಸಿ, ಉದಾಹರಣೆಗೆ 60 ಭಾಗ ಹೈಡ್ರಾಕ್ಸಿಅಪಟೈಟಿಗೆ 40 ಭಾಗ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಸೇರಿಸಿ, ಕರಗುವ ವೇಗವನ್ನು ಬೇಕಾದಂತೆ ಹೊಂದಿಸುವುದೂ ಉಂಟು. ಹೀಗಾಗಿ ಸೆರಾಮಿಕ್ ಹಾಕುತ್ತೇವೆ ಎಂದಷ್ಟೇ ಹೇಳಿದರೆ ಪೂರ್ತಿ ಉತ್ತರವಾಗುವುದಿಲ್ಲ. ಯಾವುದು, ಅದು ಎಷ್ಟು ಕಾಲ ಉಳಿಯುತ್ತದೆ ಎಂದು ನಿಮ್ಮ ವೈದ್ಯರನ್ನು ಕೇಳಲು ಸಂಕೋಚ ಬೇಡ.

ರಾಸಾಯನಿಕ ರಚನೆಯಷ್ಟೇ ಮುಖ್ಯವಾದದ್ದು ಅದರೊಳಗಿನ ರಂಧ್ರ. ರಂಧ್ರವೇ ಇಲ್ಲದ ಹೈಡ್ರಾಕ್ಸಿಅಪಟೈಟಿನ ತುಂಡನ್ನು ಇಟ್ಟರೆ ಮೂಳೆ ಅದರ ಹೊರಮೈಗೆ ಅಂಟುತ್ತದೆಯೇ ಹೊರತು ಒಳಗೆ ಹೋಗಲಾರದು. ರಕ್ತನಾಳವೂ ಅದರ ಹಿಂದೆ ಕೋಶಗಳೂ ಒಳಹೊಕ್ಕು ಮೂಳೆ ಕಟ್ಟಬೇಕಾದರೆ ರಂಧ್ರಗಳು ಕನಿಷ್ಠ 100 ಮೈಕ್ರೋಮೀಟರಿನಷ್ಟಾದರೂ (ಒಂದು ಮೈಕ್ರೋಮೀಟರ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಇರಬೇಕು, 300ಕ್ಕಿಂತ ಹೆಚ್ಚಿದ್ದರೆ ಇನ್ನೂ ಒಳ್ಳೆಯದು; ಅಷ್ಟೇ ಅಲ್ಲ, ಒಂದು ರಂಧ್ರದಿಂದ ಇನ್ನೊಂದಕ್ಕೆ ದಾರಿಯಿರಬೇಕು. ಕಿಟಕಿ ಬಾಗಿಲುಗಳಿಲ್ಲದ ಕೋಣೆಗಳು ನೂರಿದ್ದರೂ ಮನೆಯಾಗುವುದಿಲ್ಲ ಎಂಬಂತೆ, ಪರಸ್ಪರ ಕೂಡದ ರಂಧ್ರಗಳು ಶೇಕಡಾವಾರು ಲೆಕ್ಕವನ್ನು ಹೆಚ್ಚಿಸುತ್ತವೆಯೇ ಹೊರತು ಮೂಳೆಗೆ ಉಪಯೋಗಕ್ಕೆ ಬರುವುದಿಲ್ಲ. ಇವುಗಳ ಜೊತೆಗೆ 10 ಮೈಕ್ರೋಮೀಟರಿಗಿಂತ ಸಣ್ಣ ರಂಧ್ರಗಳೂ ಇದ್ದರೆ ರಕ್ತ ಮತ್ತು ಪ್ರೋಟೀನುಗಳು ಮೇಲ್ಮೈಯಲ್ಲಿ ಹಿಡಿದುಕೊಳ್ಳಲು ನೆರವಾಗುತ್ತದೆ.

ಆದರೆ ರಂಧ್ರ ಹೆಚ್ಚಿದಷ್ಟೂ ಬಲ ಕುಗ್ಗುತ್ತದೆ. ಒತ್ತಡವನ್ನು ಅಳೆಯುವ ಮಾನವಾದ ಮೆಗಾಪಾಸ್ಕಲ್‌ನಲ್ಲಿ ಹೇಳುವುದಾದರೆ, ನಮ್ಮ ಗಟ್ಟಿ ಹೊರಮೂಳೆ 100 ಮೆಗಾಪಾಸ್ಕಲ್‌ಗೂ ಮೀರಿದ ಒತ್ತಡವನ್ನು ತಾಳುತ್ತದೆ. ರಂಧ್ರಭರಿತ ಸೆರಾಮಿಕ್ ಕೆಲವೇ ಮೆಗಾಪಾಸ್ಕಲ್‌ಗೆ ಪುಡಿಯಾಗಬಹುದು. ಎಳೆದರೆ, ಬಾಗಿಸಿದರೆ, ತಿರುಚಿದರೆ ಇನ್ನೂ ಬೇಗ ಒಡೆಯುತ್ತದೆ, ಏಕೆಂದರೆ ಮೂಳೆಗೆ ಬಗ್ಗುವ ಗುಣ ಕೊಡುವ ಕಾಲಜನ್ ನಾರು ಇದರಲ್ಲಿಲ್ಲ. ಆದ್ದರಿಂದ ದೇಹದ ಭಾರವನ್ನು ಹೊರುವ ಕೆಲಸ ಪ್ಲೇಟು ಮತ್ತು ಸ್ಕ್ರೂಗಳದ್ದು. ಮುರಿತವನ್ನು ಬಿಗಿಯಾಗಿ ನಿಲ್ಲಿಸದೆ ಬರೀ ಸೆರಾಮಿಕ್ ತುಂಬಿದರೆ, ಅಲುಗಾಟದಲ್ಲಿ ಸೆರಾಮಿಕ್ಕಿನ ಸಣ್ಣ ಕಾಳುಗಳು ಒಂದಕ್ಕೊಂದು ಉಜ್ಜಿ ಪುಡಿಯಾಗುತ್ತವೆ, ಒಳಗೆ ಬರತೊಡಗಿದ ಎಳೆಯ ರಕ್ತನಾಳಗಳೂ ಹರಿದುಹೋಗುತ್ತವೆ.

ನಿಮ್ಮಂಥ ಮುರಿತಕ್ಕೆ ಇದೇ ಕುಟುಂಬದ ಇನ್ನೊಂದು ರೂಪ ವಿಶೇಷವಾಗಿ ಒಪ್ಪುತ್ತದೆ, ಅದು ಕ್ಯಾಲ್ಸಿಯಂ ಫಾಸ್ಫೇಟ್ ಸಿಮೆಂಟ್. ಬ್ರೌನ್ ಮತ್ತು ಚೌ ಎಂಬ ಅಮೆರಿಕದ ಸಂಶೋಧಕರು 1980ರ ದಶಕದಲ್ಲಿ ದಂತವೈದ್ಯಕ್ಕಾಗಿ ರೂಪಿಸಿದ ಈ ಪದಾರ್ಥವನ್ನು ಪುಡಿ ಮತ್ತು ದ್ರವ ಬೆರೆಸಿ ಹಿಟ್ಟಿನಂತೆ ಮಾಡಿ ಸಿರಿಂಜಿನಿಂದ ತುಂಬಲಾಗುತ್ತದೆ. ಹೇಳಿಕೊಳ್ಳುವಷ್ಟು ಬಿಸಿಯೇರದೆ ಅದು ದೇಹದ ಉಷ್ಣತೆಯಲ್ಲೇ ಗಟ್ಟಿಯಾಗುತ್ತದೆ. ಅಂಕುಡೊಂಕಾದ ಪೊಳ್ಳಿನ ಮೂಲೆ ಮೂಲೆಗೂ ಹರಿದು, ಒತ್ತುವ ಭಾರವನ್ನು ಸಡಿಲವಾದ ಕಾಳುಗಳಿಗಿಂತ ಚೆನ್ನಾಗಿ ತಡೆಯುತ್ತದೆ. ಕೀಲಿನ ಮೇಲ್ಮೈಯ ಕೆಳಗೆ ನಮಗೆ ಬೇಕಾದದ್ದು ಇದೇ ಗುಣ. ಟಿಬಿಯಾದ ಮೇಲ್ತುದಿ ಮುರಿದ 119 ವಯಸ್ಕರನ್ನು, ಯಾರಿಗೆ ಯಾವುದು ಎಂಬುದನ್ನು ಯಾದೃಚ್ಛಿಕವಾಗಿ ನಿರ್ಧರಿಸಿ, ಸೊಂಟದ ಮೂಳೆ ಹಾಕಿದವರು ಮತ್ತು ಈ ಬಗೆಯ ಸಿಮೆಂಟ್ ಹಾಕಿದವರು ಎಂದು ವಿಂಗಡಿಸಿ ನಡೆಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಕೀಲಿನ ಮೇಲ್ಮೈ ಮತ್ತೆ ಕುಸಿಯುವುದು ಸ್ವಂತ ಮೂಳೆ ಹಾಕಿದವರಲ್ಲೇ ಹೆಚ್ಚಾಗಿ ಕಂಡುಬಂತು. ಮೊದಲ ನೋಟಕ್ಕೆ ಇದು ಅಚ್ಚರಿಯೆನಿಸಿದರೂ ಕಾರಣ ಸರಳವಾಗಿದೆ: ಸೊಂಟದಿಂದ ತೆಗೆದ ಸ್ಪಂಜಿನಂಥ ಮೂಳೆಯ ಚೂರುಗಳು ಜೈವಿಕವಾಗಿ ಎಷ್ಟೇ ಸಮೃದ್ಧವಾಗಿದ್ದರೂ ಮೊದಲ ತಿಂಗಳುಗಳಲ್ಲಿ ಮೆತ್ತಗಿರುತ್ತವೆ. ಈ ಸಿಮೆಂಟಿನಲ್ಲೂ ದೋಷವಿಲ್ಲದಿಲ್ಲ. ಅದರ ರಂಧ್ರಗಳು ತೀರ ಸಣ್ಣವಾದ್ದರಿಂದ ಮೂಳೆ ಹೊರಗಿನಿಂದ ಒಳಕ್ಕೆ ಪದರ ಪದರವಾಗಿ, ಬಹಳ ನಿಧಾನವಾಗಿ ಅದರ ಜಾಗವನ್ನು ಪಡೆಯುತ್ತದೆ; ತುಂಬುವಾಗ ಎಚ್ಚರ ತಪ್ಪಿದರೆ ಬಿರುಕಿನ ಮೂಲಕ ಕೀಲಿನೊಳಗೆ ಸೋರಬಹುದು.

ಇನ್ನು ನಿಮ್ಮ ಹಿತೈಷಿಯ ಮಾತು ನಿಜವಾಗುವ ಕಡೆಗಳು. ಮೂಳೆಯ ನಡುಭಾಗದಲ್ಲಿ ಕೆಲವು ಸೆಂಟಿಮೀಟರ್ ತುಂಡೇ ಇಲ್ಲದಂತಾಗಿದ್ದರೆ, ಮುರಿತ ತಿಂಗಳುಗಟ್ಟಲೆ ಕೂಡದೆ ತುದಿಗಳು ರಕ್ತಸಂಚಾರವಿಲ್ಲದೆ ಸೊರಗಿದ್ದರೆ, ಮೇಲಿನ ಚರ್ಮ ಮತ್ತು ಸ್ನಾಯು ನಾಶವಾಗಿದ್ದರೆ, ಅಲ್ಲಿ ಸೆರಾಮಿಕ್ ಒಂದನ್ನೇ ನಂಬುವುದು ತಪ್ಪು. ಅಂಥ ಕಡೆ ಕೋಶಗಳೂ ಸೂಚನೆಯೂ ಬೇಕು, ಅವೆರಡೂ ಸ್ವಂತ ಮೂಳೆಯಲ್ಲಿವೆ. ಮೂಳೆ ಸಾಕಷ್ಟು ಸಿಗದಿದ್ದರೆ ಅದಕ್ಕೆ ಸೆರಾಮಿಕ್ ಕಾಳು ಬೆರೆಸಿ ಪ್ರಮಾಣವನ್ನು ಹೆಚ್ಚಿಸಬಹುದು. ಬೆನ್ನು ಡೊಂಕಾದ ಹದಿಹರೆಯದವರಲ್ಲಿ ಹಲವು ಕಶೇರುಮಣಿಗಳನ್ನು ಒಟ್ಟಿಗೆ ಬೆಸೆಯುವಾಗ ಹೀಗೆ ಮಾಡುವುದು ರೂಢಿಯಲ್ಲಿದೆ, ಒಳ್ಳೆಯ ಫಲವನ್ನೂ ಕೊಟ್ಟಿದೆ. ಸೌಮ್ಯ ಗೆಡ್ಡೆಯನ್ನು ಕೆರೆದು ತೆಗೆದ ಮೇಲೆ ಉಳಿಯುವ ಕುಳಿ, ಮಣಿಕಟ್ಟಿನ ಮತ್ತು ಹಿಮ್ಮಡಿಯ ಕುಸಿದ ಮುರಿತ, ಇವೆಲ್ಲ ನಿಮ್ಮದರಂತೆ ಸುತ್ತಲೂ ಆರೋಗ್ಯವಂತ ಮೂಳೆಯಿರುವ ಪೊಳ್ಳುಗಳೇ. ಕೀವು ತುಂಬಿದ ಮೂಳೆಯಲ್ಲಿ ಸಾಮಾನ್ಯ ಸೆರಾಮಿಕ್ ಹಾಕಿದರೆ ಅದು ಸೂಕ್ಷ್ಮಾಣುಗಳಿಗೆ ಆಶ್ರಯವಾಗುತ್ತದೆ. ಆದರೆ ಸತ್ತ ಮೂಳೆಯನ್ನೆಲ್ಲ ತೆಗೆದು ಶುಚಿಮಾಡಿದ ಮೇಲೆ, ಪ್ರತಿಜೈವಿಕ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟನ್ನು ತುಂಬಿದರೆ ಅದು ಕರಗುತ್ತ ಔಷಧವನ್ನು ಅಲ್ಲಿಯೇ ಬಿಡುತ್ತದೆ. ಬೇಗ ಕರಗುವ ದೋಷವೇ ಇಲ್ಲಿ ಗುಣವಾಗಿಬಿಡುತ್ತದೆ.

ಇದು ನಿಜಕ್ಕೂ ಮೂಳೆಯಾಗುತ್ತದೆಯೇ ಎಂದು ಕೇಳಿದ್ದೀರಿ. ಸೆರಾಮಿಕ್ ತಾನು ಮೂಳೆಯಾಗುವುದಿಲ್ಲ, ಮೂಳೆಗೆ ಜಾಗ ಬಿಟ್ಟು ಹೋಗುತ್ತದೆ. ಮೊದಲ ದಿನಗಳಲ್ಲಿ ರಂಧ್ರಗಳನ್ನು ರಕ್ತ ತುಂಬುತ್ತದೆ, ಆಮೇಲೆ ರಕ್ತನಾಳಗಳು ಬರುತ್ತವೆ, ಅವುಗಳ ಬೆನ್ನಿಗೆ ಬಂದ ಕೋಶಗಳು ರಂಧ್ರದ ಗೋಡೆಯ ಮೇಲೆಯೇ ಎಳೆ ಮೂಳೆಯನ್ನು ಲೇಪಿಸುತ್ತವೆ. ಹಳೆಯ ಮೂಳೆಯನ್ನು ಕರಗಿಸುವುದೇ ಕಸುಬಾಗಿರುವ ಆಸ್ಟಿಯೋಕ್ಲಾಸ್ಟ್ ಎಂಬ ಕೋಶಗಳು ಸೆರಾಮಿಕ್ಕಿನ ಗೋಡೆಯನ್ನೂ ಕೊರೆಯುತ್ತವೆ, ಒಂದಷ್ಟು ದೇಹದ್ರವದಲ್ಲಿ ತಾನಾಗಿ ಕರಗುತ್ತದೆ. ಮೂಳೆ ವಾಸಿಯಾಗುವಾಗ ಚರ್ಮದಂತೆ ಕಲೆಯ ಅಂಗಾಂಶವನ್ನು ಬಿಡದೆ ಮತ್ತೆ ಮೂಳೆಯಾಗಿಯೇ ಕೂಡುತ್ತದೆ. ಈ ಸಾಮರ್ಥ್ಯ ನಿಮ್ಮ ದೇಹದ್ದು.

ಇಲ್ಲಿಯೇ ಎಕ್ಸ್-ರೇಯ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಅದು ರೋಗಿಗಳನ್ನೂ ಕೆಲವೊಮ್ಮೆ ವೈದ್ಯರನ್ನೂ ದಾರಿ ತಪ್ಪಿಸುತ್ತದೆ. ಸೆರಾಮಿಕ್ ಮೂಳೆಗಿಂತ ಬೆಳ್ಳಗೆ ಕಾಣುವುದರಿಂದ ಶಸ್ತ್ರಚಿಕಿತ್ಸೆಯ ಮರುದಿನವೇ ಪೊಳ್ಳು ಪೂರ್ತಿ ತುಂಬಿದಂತಿರುತ್ತದೆ. ಅದು ವಾಸಿಯಾದ ಲಕ್ಷಣವಲ್ಲ. ಕಾಲಕ್ರಮದಲ್ಲಿ ಕಾಳುಗಳ ಅಂಚು ಮಸುಕಾಗಿ, ಅವುಗಳಿಗೂ ಮೂಳೆಗೂ ನಡುವಿನ ಕಪ್ಪು ಗೆರೆ ಮಾಯವಾಗಿ, ಮೂಳೆಯ ಜಾಲ ಒಳಕ್ಕೆ ಹಬ್ಬಿದ್ದು ಕಂಡಾಗ ಮಾತ್ರ ಅದು ಕೂಡಿಕೊಂಡಿದೆ ಎನ್ನಬಹುದು, ಅನುಮಾನವಿದ್ದರೆ ಸಿ.ಟಿ. ಸ್ಕ್ಯಾನ್ ಬೇಕಾಗುತ್ತದೆ. ಆದ್ದರಿಂದ ಮೊದಲ ಚಿತ್ರ ಚೆನ್ನಾಗಿದೆಯೆಂದು ಕಾಲೂರಲು ಆತುರಪಡಬೇಡಿ. ಭಾರ ಹಾಕುವ ದಿನವನ್ನು ನಿರ್ಧರಿಸುವುದು ಮುರಿತದ ಬಗೆ ಮತ್ತು ಪ್ಲೇಟಿನ ಬಿಗಿತ.

ತಿರಸ್ಕಾರದ ಭಯ ಬೇಡ. ಇನ್ನೊಬ್ಬರ ಮೂತ್ರಪಿಂಡವನ್ನು ದೇಹ ತಿರಸ್ಕರಿಸುವುದು ಅದರಲ್ಲಿರುವ ಅನ್ಯ ಪ್ರೋಟೀನುಗಳನ್ನು ಗುರುತಿಸಿ. ಶುದ್ಧ ಖನಿಜವಾದ ಸೆರಾಮಿಕ್ಕಿನಲ್ಲಿ ಪ್ರೋಟೀನೂ ಇಲ್ಲ, ಕೋಶವೂ ಇಲ್ಲ. ಆದರೆ ಕೆಲವು ತಯಾರಿಕೆಗಳಲ್ಲಿ ಪ್ರಾಣಿಮೂಲದ ಕಾಲಜನ್ ಬೆರೆತಿರುತ್ತದೆ. ಅದಕ್ಕೆ ಅಲರ್ಜಿಯಿರುವವರು, ಅಥವಾ ನಂಬಿಕೆಯ ಕಾರಣಕ್ಕೆ ಪ್ರಾಣಿಮೂಲದ್ದು ಬೇಡವೆನ್ನುವವರು ಮೊದಲೇ ಕೇಳಿ ತಿಳಿಯಬೇಕು. ಮೂತ್ರಪಿಂಡದ ತೀವ್ರ ಕಾಯಿಲೆಯಿರುವವರಲ್ಲಿ, ರಕ್ತದ ಕ್ಯಾಲ್ಸಿಯಂ ಮೊದಲೇ ಹೆಚ್ಚಿರುವವರಲ್ಲಿ ಬೇಗ ಕರಗುವ ಕ್ಯಾಲ್ಸಿಯಂ ಸಲ್ಫೇಟನ್ನು ಹೆಚ್ಚು ಪ್ರಮಾಣದಲ್ಲಿ ಬಳಸುವಾಗ ಎಚ್ಚರ ಬೇಕು. ಇದೇ ಪದಾರ್ಥ ಕರಗುವಾಗ ಕೆಲವರಲ್ಲಿ ಗಾಯದಿಂದ ತೆಳುವಾದ, ಕೆಲವೊಮ್ಮೆ ಹಾಲಿನ ಬಣ್ಣದ ದ್ರವ ಸುರಿಯುತ್ತದೆ. ಅದು ಕೀವಿನಂತೆ ಕಂಡರೂ ಎಷ್ಟೋ ಸಲ ಸೋಂಕಲ್ಲ, ತಾನಾಗಿ ನಿಲ್ಲುತ್ತದೆ. ಆದರೂ ಅದನ್ನು ನಿರ್ಧರಿಸಬೇಕಾದವರು ನಿಮ್ಮ ವೈದ್ಯರು. ಜ್ವರ, ಹೆಚ್ಚುತ್ತಿರುವ ನೋವು, ಗಾಯದ ಸುತ್ತ ಕೆಂಪು ಇವು ಜೊತೆಗಿದ್ದರೆ ಒಂದು ದಿನವೂ ಕಾಯಬೇಡಿ.

ಕೈಚಳಕದ ಬಗ್ಗೆ ಒಂದೆರಡು ಮಾತು, ಏಕೆಂದರೆ ಒಳ್ಳೆಯ ಪದಾರ್ಥವೂ ತಪ್ಪು ಕೈಯಲ್ಲಿ ಕೆಡುತ್ತದೆ. ತುಂಬುವ ಜಾಗ ರಕ್ತ ಜಿನುಗುವಂತಿರಬೇಕು. ಗಟ್ಟಿಯಾದ ಗೋಡೆಯಿದ್ದರೆ ಅದನ್ನು ಸಣ್ಣಗೆ ಕೊರೆದು ಮಜ್ಜೆಗೆ ದಾರಿ ಮಾಡಬೇಕು. ಕಾಳುಗಳನ್ನು ಸಂದಿಯಿಲ್ಲದಂತೆ ಜಡಿದು ಪುಡಿಮಾಡಬಾರದು, ಸಡಿಲವಾಗಿಯೂ ಬಿಡಬಾರದು. ತುಂಬಿದ ಮೇಲೆ ಗಾಯವನ್ನು ರಭಸದಿಂದ ತೊಳೆದು, ಕಾಳುಗಳು ಸ್ನಾಯುವಿನೊಳಗೆ ಹರಿದುಹೋಗುವುದನ್ನು ನೋಡುತ್ತ ನಿಂತ ಪೆದ್ದತನವನ್ನು ವೃತ್ತಿಯ ಆರಂಭದಲ್ಲಿ ನಾನೂ ಮಾಡಿದ್ದೇನೆ. ಕೋಶಗಳ ಕೊರತೆ ಇರಬಹುದೆನಿಸಿದರೆ ಸೊಂಟದ ಮೂಳೆಯಿಂದ ಸೂಜಿಯಲ್ಲಿ ಮಜ್ಜೆ ಹೀರಿ ಸೆರಾಮಿಕ್ಕನ್ನು ಅದರಲ್ಲಿ ನೆನೆಸುವುದುಂಟು. ಆಗ ಒಂದೇ ಜಾಗದಿಂದ ಹೆಚ್ಚು ಎಳೆದರೆ ಬರೀ ರಕ್ತವೇ ಬರುವುದರಿಂದ, ಪ್ರತಿ ಜಾಗದಿಂದ ಸುಮಾರು 2 ಮಿಲಿಲೀಟರ್‌ನಂತೆ ಹಲವು ಕಡೆಯಿಂದ ತೆಗೆಯುವುದು ಮೇಲು.

ನಿಮ್ಮ ಕೈಯಲ್ಲಿರುವುದು ಮುಖ್ಯವಾಗಿ ಒಂದು: ತಂಬಾಕು ಬಳಸುತ್ತಿದ್ದರೆ ಇಂದೇ ನಿಲ್ಲಿಸಿ. ಸೆರಾಮಿಕ್ ಕಾಯುವುದು ಹೊಸ ರಕ್ತನಾಳಗಳಿಗಾಗಿ, ನಿಕೋಟಿನ್ ಅಡ್ಡಿಪಡಿಸುವುದೂ ಅವುಗಳಿಗೇ. ಸಕ್ಕರೆ ಕಾಯಿಲೆ ಇದ್ದರೆ ಅದನ್ನು ಹತೋಟಿಯಲ್ಲಿಡಿ, ವಿಟಮಿನ್ ಡಿ ಕೊರತೆಯಿದೆಯೇ ಎಂದು ಪರೀಕ್ಷಿಸಿಕೊಳ್ಳಿ.

ಕೊನೆಯ ಪ್ರಶ್ನೆಗೆ ಉತ್ತರ ಚಿಕ್ಕದು. ಸೆರಾಮಿಕ್ಕನ್ನು ತೆಗೆಸಬೇಕಾಗಿಲ್ಲ, ಮೂಳೆಯೊಡನೆ ಹೆಣೆದುಕೊಂಡ ಮೇಲೆ ಅದನ್ನು ಬೇರ್ಪಡಿಸಲೂ ಆಗುವುದಿಲ್ಲ. ಅದು ಲೋಹವಲ್ಲವಾದ್ದರಿಂದ ಎಂ.ಆರ್.ಐ. ಸ್ಕ್ಯಾನಿಗೂ ಅಡ್ಡಿಯಿಲ್ಲ. ಮುಂದೆಂದಾದರೂ ಪ್ಲೇಟು ಚರ್ಮಕ್ಕೆ ತಾಗಿ ನೋವು ಕೊಟ್ಟರೆ, ಮುರಿತ ಪೂರ್ತಿ ಕೂಡಿದ ಮೇಲೆ ಅದನ್ನು ಮಾತ್ರ ತೆಗೆಸಬಹುದು. ಎಂದಾದರೊಂದು ದಿನ ಅದೇ ಮೊಣಕಾಲಿಗೆ ಬೇರೆ ಶಸ್ತ್ರಚಿಕಿತ್ಸೆ ಬೇಕಾದರೆ, ಒಳಗಿರುವುದು ಯಾವ ಪದಾರ್ಥ ಎಂದು ಆಗಿನ ವೈದ್ಯರಿಗೆ ತಿಳಿದಿರಬೇಕು. ಅದಕ್ಕಾಗಿ ಶಸ್ತ್ರಚಿಕಿತ್ಸೆಯ ಟಿಪ್ಪಣಿಯ ಪ್ರತಿಯನ್ನೂ ಪದಾರ್ಥದ ಪೊಟ್ಟಣದ ಮೇಲಿನ ಚೀಟಿಯನ್ನೂ ಕೇಳಿ ಪಡೆದು ಜೋಪಾನವಾಗಿಟ್ಟುಕೊಳ್ಳಿ.